ರಸ್ತೆ ಬದಿ ಸವರಿಸಲು ಕತ್ತಿಯೋ, ಯಂತ್ರವೋ, ಜೆಸಿಬಿಯೋ? ಕಾಡ್ಗಿಚ್ಚಿನ ಕಾಲಕ್ಕೆ ಮೊದಲು ಒಂದು ಹೋಲಿಕೆ

ದೀಪಾವಳಿ ಮುಗಿದು ಗದ್ದೆ ಕೊಯ್ಲಿನ ಮಾತು ಶುರುವಾಗುವ ಹೊತ್ತಿಗೆ ಕಾಡಂಚಿನ ಊರುಗಳಲ್ಲಿ ಇನ್ನೊಂದು ಮಾತೂ ಏಳುತ್ತದೆ. ಈ ವರ್ಷ ರಸ್ತೆ ಬದಿಯ ಜಂಗಲ್ ಕಟಿಂಗ್ ಹೇಗೆ ಮಾಡಿಸೋಣ? ಪಂಚಾಯಿತಿಯಲ್ಲಿ ಒಬ್ಬರು ಜೆಸಿಬಿ ತರಿಸಿದರೆ ಒಂದೇ ದಿನದಲ್ಲಿ ಮುಗಿಯುತ್ತದೆ ಅಂತಾರೆ. ಗ್ರಾಮ ಅರಣ್ಯ ಸಮಿತಿಯಲ್ಲಿರುವ ಹಿರಿಯರು ಆಳು ಹಚ್ಚಿ ಕತ್ತಿಯಲ್ಲೇ ಸವರಿಸಿ ಅಂತಾರೆ. ತೋಟದವರು ತಮ್ಮ ಕಳೆ ಕೊಚ್ಚುವ ಯಂತ್ರ ಕೊಡ್ತೀವಿ ಅಂತಾರೆ. ಯಾರೋ ಒಬ್ಬರು ಮೆಲ್ಲಗೆ, ಒಂದು ಕಡ್ಡಿ ಗೀರಿದರೆ ಸಾಕಲ್ಲ ಅಂತಲೂ ಹೇಳುತ್ತಾರೆ.

ಈ ನಾಲ್ಕೂ ದಾರಿಗಳನ್ನು, ಜೊತೆಗೆ ಇನ್ನೂ ಕೆಲವನ್ನು, ಪಕ್ಕಪಕ್ಕದಲ್ಲಿಟ್ಟು ನೋಡುವುದು ಈ ಬರಹದ ಕೆಲಸ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಯಾವುದರಿಂದ ಕಡಿದಿರಿ ಎಂಬುದಕ್ಕಿಂತ, ಕಡಿದದ್ದು ಕೊನೆಗೆ ಎಲ್ಲಿ ಬಿತ್ತು ಎಂಬುದೇ ದೊಡ್ಡ ಪ್ರಶ್ನೆ. ಇದನ್ನು ನಾನು ಕಲಿತದ್ದು ನಮ್ಮೂರ ರಸ್ತೆಯಲ್ಲಿ. ಒಂದು ವರ್ಷ ಜನವರಿ ಕೊನೆಯಲ್ಲಿ ಗುತ್ತಿಗೆದಾರರೊಬ್ಬರ ಆಳುಗಳು ಬಂದು ಎರಡೂ ಬದಿಯ ಲಂಟಾನವನ್ನು ಚೆನ್ನಾಗಿಯೇ ಕಡಿದರು. ಬಿಲ್ಲಿಗೆ ಫೋಟೊ ಆಯಿತು. ಕಡಿದ ಹೊರೆಯೆಲ್ಲ ಚರಂಡಿಗೆ ಬಿತ್ತು. ಹಸಿರಿದ್ದ ಪೊದೆ ಆರು ವಾರದಲ್ಲಿ ಕಾದ ಕಟ್ಟಿಗೆಯಾಯಿತು. ಮಾರ್ಚಿಯಲ್ಲಿ ಒಂದು ಮಧ್ಯಾಹ್ನ ಅದೇ ಚರಂಡಿಯಲ್ಲಿ ಹತ್ತಿದ ಬೆಂಕಿ, ಬತ್ತಿ ಹಿಡಿದಂತೆ ರಸ್ತೆಯುದ್ದಕ್ಕೂ ಓಡಿ ಮೇಲಿನ ಗುಡ್ಡಕ್ಕೆ ಏರಿತು. ಕಡಿಯದೆ ಬಿಟ್ಟಿದ್ದರೆ ಅಷ್ಟು ವೇಗವಾಗಿ ಹೋಗುತ್ತಿರಲಿಲ್ಲ ಎಂದು ಆ ದಿನ ಹಸಿ ಸೊಪ್ಪು ಹಿಡಿದು ಬಡಿದ ನಮಗೆಲ್ಲ ಅನ್ನಿಸಿತ್ತು.

ರಸ್ತೆಯಿಂದಲೇ ಯಾಕೆ ಶುರು ಮಾಡಬೇಕು

ನಮ್ಮ ಕಾಡುಗಳಲ್ಲಿ ಬೆಂಕಿ ತಾನಾಗಿ ಹುಟ್ಟುವುದು ತೀರ ಅಪರೂಪ. ಬಹುಪಾಲು ಮನುಷ್ಯರ ಕೈಯಿಂದಲೇ ಬರುತ್ತದೆ, ಮನುಷ್ಯರು ಬರುವುದು ರಸ್ತೆಯಿಂದ. ಎಸೆದ ಬೀಡಿ, ಮೂರು ಕಲ್ಲಿಟ್ಟು ಅಡುಗೆ ಮಾಡಿ ಅರ್ಧ ಆರಿಸಿ ಹೋದ ಒಲೆ, ಚರಂಡಿಯ ಕಸಕ್ಕೆ ಇಟ್ಟ ಬೆಂಕಿ, ಗಾಳಿಗೆ ಒಂದಕ್ಕೊಂದು ತಗುಲುವ ಕರೆಂಟಿನ ತಂತಿ. ಇವುಗಳ ಕಿಡಿ ಬೀಳುವುದು ಡಾಂಬರಿನ ಅಂಚಿನಿಂದ ಕೆಲವೇ ಮೀಟರ್ ಒಳಗೆ. ಅಲ್ಲಿ ಹತ್ತಿಕೊಳ್ಳುವಂಥದ್ದು ಇಲ್ಲದಿದ್ದರೆ ಕಿಡಿ ಅಲ್ಲೇ ಸಾಯುತ್ತದೆ.

ಎರಡನೆಯ ಕಾರಣವನ್ನು ಬೆಂಕಿ ಆರಿಸಲು ಹೋದವರು ಮಾತ್ರ ಬಲ್ಲರು. ಕಾಡಿನೊಳಗೆ ಬೆಂಕಿ ಬಿದ್ದಾಗ ಫೈರ್ ವಾಚರುಗಳು ನಿಂತು ಹೋರಾಡಲು ಸಿಗುವ ಗಟ್ಟಿ ನೆಲವೆಂದರೆ ರಸ್ತೆ. ಬರುವ ಬೆಂಕಿಗೆ ಉರುವಲು ಸಿಗದಂತೆ ಮೊದಲೇ ಸುಟ್ಟುಬಿಡುವ ಎದುರು ಬೆಂಕಿ ಕೊಡುವುದಾದರೂ ಅಲ್ಲಿಂದಲೇ. ರಸ್ತೆಯ ಎರಡೂ ಬದಿ ಆಳೆತ್ತರ ಒಣಗಿದ ಪೊದೆಯಿದ್ದರೆ ಆ ನೆಲ ಕೈತಪ್ಪುತ್ತದೆ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸುತ್ತಿದ್ದ ಅರಣ್ಯ ರಕ್ಷಕರೊಬ್ಬರು ಜೀವ ಕಳೆದುಕೊಂಡರು. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಕಾಡುಮನೆ ಕಡೆಯ ಬೆಂಕಿಯಲ್ಲಿ ಇನ್ನೊಬ್ಬರು. ನಡುವೆ 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ 10 ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟು, ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳು ಬಕೆಟ್ ಕಟ್ಟಿಕೊಂಡು ನೀರು ಸುರಿಯಬೇಕಾಯಿತು.

ಮೂರನೆಯದು, ರಸ್ತೆ ತಪ್ಪಿಸಿಕೊಳ್ಳುವ ದಾರಿಯೂ ಹೌದು. 2017ರ ಜೂನ್‌ನಲ್ಲಿ ಪೋರ್ಚುಗಲ್ಲಿನ ಪೆದ್ರೋಗಾವ್ ಗ್ರಾಂದೆ ಬೆಂಕಿಯಲ್ಲಿ ಸತ್ತ 66 ಜನರಲ್ಲಿ 47 ಮಂದಿ ಸತ್ತದ್ದು ಒಂದೇ ರಸ್ತೆಯಲ್ಲಿ ಮತ್ತು ಅದರ ಅಕ್ಕಪಕ್ಕದಲ್ಲಿ. ಊರು ಬಿಟ್ಟು ಹೊರಟವರ ವಾಹನಗಳನ್ನು ಇಕ್ಕೆಲದ ನೀಲಗಿರಿ, ಪೈನ್ ಮರಗಳ ಬೆಂಕಿ ಮುತ್ತಿಕೊಂಡಿತ್ತು. ರಸ್ತೆ ಬದಿ ಸವರುವ ಕಾನೂನು ಆ ದೇಶದಲ್ಲಿ ಮೊದಲೇ ಇತ್ತು. ಅದನ್ನು ಗಂಭೀರವಾಗಿ ತೆಗೆದುಕೊಂಡದ್ದು ಆಮೇಲೆ. ಒಂದೇ ರಸ್ತೆಯಿರುವ ಮಲೆನಾಡಿನ ಎಷ್ಟೋ ಊರುಗಳನ್ನು ನೆನೆದಾಗ ನನಗೆ ಈ ಸಂಗತಿ ಹೊಟ್ಟೆಯಲ್ಲಿ ಕಲ್ಲಿಟ್ಟಂತೆ ಕೂರುತ್ತದೆ.

ಮೊದಲು ನಿಮ್ಮ ರಸ್ತೆ ಯಾವ ಜಾತಿಯದು ನೋಡಿ

ವಿಧಾನ ಆರಿಸುವ ಮೊದಲು ಒಂದು ಕಿಲೋಮೀಟರ್ ನಡೆಯಿರಿ. ಬೈಕಿನಲ್ಲಿ ಹೋದರೆ ಏನೂ ಕಾಣುವುದಿಲ್ಲ.

ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ, ಮಲೆಮಹದೇಶ್ವರ ಬೆಟ್ಟದ ಕಡೆಯ ಒಣಕಾಡಿನ ರಸ್ತೆಯಾದರೆ ಅಲ್ಲಿ ಲಂಟಾನದ್ದೇ ರಾಜ್ಯ. 1800ರ ದಶಕದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಹೂವಿನ ಚೆಂದಕ್ಕೆಂದು ತಂದ ಗಿಡ ಇವತ್ತು ಇಷ್ಟು ದೂರ ಬಂದಿದೆ. ಫೆಬ್ರವರಿಯಲ್ಲಿ ಒಂದು ಪೊದೆಯನ್ನು ಕೋಲಿನಿಂದ ಸರಿಸಿ ಒಳಗೆ ನೋಡಿ. ಹೊರಗಿನಿಂದ ಅಲ್ಲಲ್ಲಿ ಹಸಿರು ಕಾಣುತ್ತದೆ. ಒಳಗೆ ಬೆರಳು ದಪ್ಪದ ಒಣ ಕಡ್ಡಿಗಳು ಒಂದರ ಮೇಲೊಂದು ಹೆಣೆದುಕೊಂಡು ಪಂಜರದಂತಿವೆ. ಕಡ್ಡಿಗಳ ನಡುವೆ ಮೇಲಿನ ಮರದಿಂದ ಉದುರಿದ ಎಲೆ ಸಿಕ್ಕಿಕೊಂಡು ನೆಲಕ್ಕೆ ಬೀಳದೆ ಒಣಗಿ ನಿಂತಿದೆ. ಪೊದೆಯ ಒಂದು ಕೈ ಪಕ್ಕದ ದಿಂಡಿಲು ಮರವನ್ನು ಹಿಡಿದು ಕೊಂಬೆಯ ತನಕ ಏರಿದೆ. ನೆಲದಲ್ಲಿ ಮೊಣಕಾಲೆತ್ತರ ಸುಟ್ಟು ಹೋಗಬೇಕಾದ ಬೆಂಕಿಗೆ ಲಂಟಾನ ಇಟ್ಟುಕೊಡುವ ಏಣಿ ಇದು. ಸವರುವುದೆಂದರೆ ಮುಖ್ಯವಾಗಿ ಈ ಏಣಿಯನ್ನು ತೆಗೆಯುವುದು.

ಸಾಗರ, ಸಿರಸಿ, ಹೊಸನಗರ, ಸಿದ್ದಾಪುರದ ಕಡೆಯಾದರೆ ಕಥೆ ಬೇರೆ. ಇಲ್ಲಿ ಮೈಲುಗಟ್ಟಲೆ ಅಕೇಶಿಯಾ ನೆಡುತೋಪು. ಪೊದೆ ಕಡಿಮೆ, ಆದರೆ ನೆಲದ ಮೇಲೆ ಎಲೆಯ ಹಾಸಿಗೆ. ಒಂದು ಹಿಡಿ ಅಕೇಶಿಯಾ ಎಲೆ ಎತ್ತಿಕೊಂಡು ಮುಷ್ಟಿ ಬಿಗಿ ಮಾಡಿ. ಕುಡುಗೋಲಿನಂತೆ ಬಾಗಿದ ಆ ಎಲೆಗಳು ತೊಗಲಿನಂತೆ ಗಟ್ಟಿ. ಮುಷ್ಟಿ ಬಿಟ್ಟರೆ ಮತ್ತೆ ಬಿಚ್ಚಿಕೊಂಡು ನಡುವೆ ಗಾಳಿಗೆ ಜಾಗ ಕೊಡುತ್ತವೆ. ಮತ್ತಿ ಎಲೆ, ಹಲಸಿನ ಎಲೆ ಮಳೆಗೆ ಮಣ್ಣಿಗಂಟಿ ಬೇಗ ಕರಗುತ್ತದೆ. ಅಕೇಶಿಯಾ ಎಲೆ ಕರಗಲು ತಡ, ಹಿಂದಿನ ವರ್ಷದ್ದರ ಮೇಲೆ ಈ ವರ್ಷದ್ದು ಬೀಳುತ್ತದೆ. ಇಂಥ ರಸ್ತೆಗೆ ಕತ್ತಿಗಿಂತ ಕಸಬರಿಗೆ ಮುಖ್ಯ.

ಮೂರನೆಯದು ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಕುದುರೆಮುಖದ ಕಡೆಯ ಹುಲ್ಲುಗಾವಲ ರಸ್ತೆ. ಮರವೇ ಇಲ್ಲ, ಶೋಲಾ ಎನ್ನುವ ದಟ್ಟ ಕಾಡು ಕಣಿವೆಗಳಲ್ಲಿ ಮಾತ್ರ. ಒಣ ಹುಲ್ಲಿಗೆ ಬೆಂಕಿ ತಗುಲಿದರೆ ಗಾಳಿಯ ಜೊತೆ ಗುಡ್ಡ ಏರುತ್ತದೆ. ಇಳಿಜಾರು 10 ಡಿಗ್ರಿ ಹೆಚ್ಚಿದಂತೆಲ್ಲ ಏರುವ ಬೆಂಕಿಯ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ಬೆಂಕಿಯ ಕೆಲಸದವರು ಇಟ್ಟುಕೊಂಡಿರುವ ಅಂದಾಜು. ಇಲ್ಲಿ ಮರ ನೆಡುವ ಯೋಚನೆಯನ್ನು ದಯವಿಟ್ಟು ಮಾಡಬೇಡಿ. ಹುಲ್ಲುಗಾವಲು ಬೋಳು ಜಾಗವಲ್ಲ, ಅದೇ ಅಲ್ಲಿಯ ಕಾಡು.

ಕತ್ತಿ, ಕುಡುಗೋಲು, ಕಸಬರಿಗೆ

ಇದು ಎಲ್ಲಕ್ಕಿಂತ ನಿಧಾನ, ಕೂಲಿ ಲೆಕ್ಕದಲ್ಲಿ ದುಬಾರಿಯೆಂದು ಕಾಣುತ್ತದೆ. ಆದರೂ ಕೈಕೆಲಸಕ್ಕೊಂದು ಗುಣವಿದೆ, ಅದು ಬೇರೆ ಯಾವ ವಿಧಾನಕ್ಕೂ ಇಲ್ಲ: ಕಣ್ಣಿದೆ. ಕತ್ತಿ ಹಿಡಿದವರು ಲಂಟಾನದ ನಡುವೆ ಎದ್ದಿರುವ ಹೊನ್ನೆಯ ಸಸಿಯನ್ನು ಬಿಟ್ಟು ಉಳಿದದ್ದನ್ನು ಕಡಿಯುತ್ತಾರೆ. ನಮ್ಮಲ್ಲಿ ಕೆಲಸಕ್ಕೆ ಬರುವ ಹಿರಿಯಕ್ಕ ಒಬ್ಬರು ಒಂದು ನೇರಳೆ ಸಸಿಯ ಸುತ್ತ ಕಳೆ ತೆಗೆದು, "ಇದೊಂದು ಎದ್ದರೆ ಇಲ್ಲಿ ಇನ್ನು ಕಳೆ ಏಳೂದಿಲ್ಲ ತಮ್ಮಾ, ನೆರಳು ಬೀಳ್ತದಲ್ಲ" ಅಂದಿದ್ದರು. ರಸ್ತೆ ಬದಿ ಸವರುವ ವಿದ್ಯೆಯೆಲ್ಲ ಆ ಮಾತಿನಲ್ಲಿದೆ. ಮೇಲಿನ ನೆರಳನ್ನು ಉಳಿಸಿ, ಕೆಳಗಿನ ಒಣಗಲನ್ನು ತೆಗೆಯಬೇಕು. ಮರ ಕಡಿದು ಬಿಸಿಲು ಬಿಟ್ಟರೆ ಮುಂದಿನ ಮಳೆಗೆ ಹುಲ್ಲು, ಲಂಟಾನ, ಕಮ್ಯುನಿಸ್ಟ್ ಗಿಡವೆಂಬ ಕಳೆ ದುಪ್ಪಟ್ಟು ಬರುತ್ತವೆ. ನೆಲ ಬೇಗ ಒಣಗುತ್ತದೆ, ಗಾಳಿ ಸಲೀಸಾಗಿ ಹೊಗುತ್ತದೆ.

ಅಕೇಶಿಯಾ ರಸ್ತೆಗೆ ಕೈಕೆಲಸದ ಇನ್ನೊಂದು ರೂಪವೇ ಸರಿಯಾದ ಉತ್ತರ ಅಂತ ನನ್ನ ನಂಬಿಕೆ: ದರಕು ಗುಡಿಸುವುದು. ಅಡಿಕೆ ಬೆಳೆಯುವ ಕಡೆ ಇದು ಹೊಸದೇನಲ್ಲ. ಚಳಿಗಾಲ ಕಳೆದು ಎಲೆ ಉದುರುತ್ತಿದ್ದಂತೆ ಹೆಂಗಸರು ಹೆಡಿಗೆ (ದೊಡ್ಡ ಬುಟ್ಟಿ) ಹಿಡಿದು, ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ಸೊಪ್ಪಿನ ಬೆಟ್ಟಕ್ಕೆ ಹೋಗುತ್ತಾರೆ, ಗುಡಿಸಿದ ತರಗೆಲೆ ಕೊಟ್ಟಿಗೆಗೆ ಹಾಸಾಗಿ, ಗೊಬ್ಬರವಾಗಿ, ತೋಟ ಸೇರುತ್ತದೆ. ಕೊಟ್ಟಿಗೆಗಳು ಖಾಲಿಯಾದಂತೆಲ್ಲ ಈ ಗುಡಿಸುವಿಕೆಯೂ ಕಡಿಮೆಯಾಯಿತು, ಎಲೆ ರಸ್ತೆ ಬದಿಯಲ್ಲೇ ಉಳಿಯಿತು. ರಸ್ತೆಯ ಅಂಚಿನ ಪಟ್ಟಿಯಿಂದ ಗುಡಿಸಲು ಊರಿನ ನಾಲ್ಕು ಮನೆಯವರನ್ನು ಒಪ್ಪಿಸಿದರೆ ಕಡಿದದ್ದು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಯೇ ಇರುವುದಿಲ್ಲ. ಪಂಚಾಯಿತಿ ಕೂಲಿ ಕೊಟ್ಟು ಗುಡಿಸಿಸಿ, ತೋಟದವರು ಪಿಕಪ್ ತಂದು ಹೇರಿಕೊಂಡು ಹೋಗುವ ವ್ಯವಸ್ಥೆಯೂ ಆಗುತ್ತದೆ. ಒಂದೇ ಎಚ್ಚರಿಕೆ: ಇದು ರಸ್ತೆಯಂಚಿನ ಪಟ್ಟಿಗೆ ಮಾತ್ರ. ಇಡೀ ಗುಡ್ಡವನ್ನು ಪ್ರತಿವರ್ಷ ನುಣ್ಣಗೆ ಗುಡಿಸಿದರೆ ಮಣ್ಣು ಬಡವಾಗುತ್ತದೆ, ಬಿದ್ದ ಬೀಜ ಮೊಳೆಯುವುದಿಲ್ಲ.

ಕಳೆ ಕೊಚ್ಚುವ ಯಂತ್ರ ಮತ್ತು ಎಲೆ ಊದುವ ಯಂತ್ರ

ಹುಲ್ಲಿನ ರಸ್ತೆಗೆ ಬ್ರಷ್ ಕಟರ್‌ಗೆ ಸಮನಾದದ್ದಿಲ್ಲ. ನಾಲ್ಕು ಆಳಿನ ಹುಲ್ಲಿನ ಕೆಲಸವನ್ನು ಯಂತ್ರ ಹಿಡಿದ ಒಬ್ಬರು ಮುಗಿಸುತ್ತಾರೆ. ಬೇರು ಕೀಳುವುದಿಲ್ಲ, ಆದ್ದರಿಂದ ದರೆಯ, ಅಂದರೆ ರಸ್ತೆ ಪಕ್ಕದ ಕಡಿದಾದ ಮಣ್ಣಿನ ಗೋಡೆಯ, ಮಣ್ಣು ಗಟ್ಟಿಯಾಗಿಯೇ ಉಳಿಯುತ್ತದೆ. ಘಟ್ಟದ ರಸ್ತೆಯಲ್ಲಿ ಇದು ದೊಡ್ಡ ಲಾಭ.

ಕೊರತೆಗಳೂ ಇವೆ. ಯಂತ್ರಕ್ಕೆ ಸಸಿ ಯಾವುದು, ಕಳೆ ಯಾವುದು ಗೊತ್ತಾಗದು. ಸಸಿಗಳಿಗೆ ಮೊದಲೇ ಬಣ್ಣದ ಬಟ್ಟೆಯ ಚೂರು ಕಟ್ಟಿದ ಕೋಲು ನೆಟ್ಟರೆ ಎಷ್ಟೋ ಉಳಿಯುತ್ತವೆ. ವಯಸ್ಸಾದ ಲಂಟಾನದ ಬುಡಕ್ಕೆ ನೈಲಾನ್ ದಾರ ಏನೂ ಮಾಡದು, ಹಲ್ಲಿನ ಬ್ಲೇಡ್ ಬೇಕು. ಆ ಬ್ಲೇಡ್ ಕಲ್ಲಿಗೆ ತಾಗಿದರೆ ಕಿಡಿ ಹಾರುತ್ತದೆ. ಬೆಂಕಿ ತಡೆಯಲು ಹೋದ ಕೆಲಸದಿಂದಲೇ ಬೆಂಕಿ ಹೊತ್ತುವ ಸಾಧ್ಯತೆ ಇರುವುದು ಇಲ್ಲಿ. ಹಾಗಾಗಿ ಯಂತ್ರದ ಕೆಲಸ ಡಿಸೆಂಬರ್ ಒಳಗೆ, ಬೆಳಗಿನ ಇಬ್ಬನಿ ಪೂರ್ತಿ ಆರುವ ಮೊದಲು ನಡೆಯಬೇಕು. ಪೆಟ್ರೋಲ್ ತುಂಬುವುದು ಡಾಂಬರಿನ ಮೇಲೆ, ಎಂಜಿನ್ ತಣ್ಣಗಾದ ಮೇಲೆ. ಬಿಸಿ ಸೈಲೆನ್ಸರ್ ಒಣ ಹುಲ್ಲಿಗೆ ತಾಗುವಂತೆ ಯಂತ್ರ ಮಲಗಿಸಬಾರದು. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯಲು ತೋಟದವರ ಬಳಿ ಬೆನ್ನಿಗೆ ಹಾಕುವ ಸ್ಪ್ರೇಯರ್ ಇರುತ್ತದಲ್ಲ, ಅದನ್ನೇ ಚೆನ್ನಾಗಿ ತೊಳೆದು ನೀರು ತುಂಬಿ ಒಬ್ಬರ ಬೆನ್ನಿಗೆ ಹಾಕಿ ಜೊತೆಗಿಟ್ಟುಕೊಳ್ಳಿ. ಯಂತ್ರ ಓಡಿಸುವವರಿಗೆ ಕಣ್ಣಿನ ಕನ್ನಡಕ, ಬೂಟು, ಕಾಲಿಗೆ ದಪ್ಪ ಪಟ್ಟಿ ಬೇಕೇ ಬೇಕು. ಕಲ್ಲಿನ ಚೂರು ಹಾರಿ ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು.

ಎಲೆ ಊದುವ ಬ್ಲೋವರ್ ಅನ್ನು ಅರಣ್ಯ ಇಲಾಖೆಯವರು ಬೆಂಕಿ ರೇಖೆ, ಅಂದರೆ ಬೆಂಕಿ ದಾಟದಂತೆ ಕಾಡಿನಲ್ಲಿ ಖಾಲಿ ಬಿಡುವ ಪಟ್ಟಿ, ಶುಚಿ ಮಾಡಲು ಬಳಸುತ್ತಾರೆ. ವೇಗವಾದ ಯಂತ್ರ, ಅಕೇಶಿಯಾ ಎಲೆಗೂ ಒಪ್ಪುತ್ತದೆ. ಆದರೆ ಅದು ಎಲೆಯನ್ನು ತೆಗೆಯುವುದಿಲ್ಲ, ಸರಿಸುತ್ತದಷ್ಟೆ. ಊದಿದ ಎಲೆ ಪಟ್ಟಿಯ ಒಳಅಂಚಿನಲ್ಲಿ ದಿಣ್ಣೆಯಾಗಿ ನಿಂತರೆ ಬೆಂಕಿಗೆ ದಿಂಬು ಕೊಟ್ಟಂತೆ. ಕಾಡಿನೊಳಕ್ಕೆ ತೆಳ್ಳಗೆ ಹರಡುವಂತೆ ಊದಬೇಕು, ಇಲ್ಲವೇ ಹಿಂದಿನಿಂದ ಹೆಡಿಗೆಯವರು ಬರಬೇಕು.

ಲಂಟಾನವನ್ನು ಕಡಿಯುವುದೋ, ಬೇರಿನಿಂದ ತೆಗೆಯುವುದೋ

ಲಂಟಾನವನ್ನು ಕಡಿದರೆ ಬುಡದಿಂದ ನಾಲ್ಕು ಚಿಗುರು ಬರುತ್ತವೆ, ಸುಟ್ಟರೂ ಬರುತ್ತವೆ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ. ಆರ್. ಬಾಬು ಅವರ ತಂಡ ಉತ್ತರಾಖಂಡದ ಕಾರ್ಬೆಟ್ ಕಾಡಿನಲ್ಲಿ ರೂಢಿಗೆ ತಂದ ಒಂದು ಉಪಾಯ ಈ ತೊಡಕನ್ನು ಬಿಡಿಸುತ್ತದೆ. ಚಿಗುರುವ ಶಕ್ತಿಯೆಲ್ಲ ಬುಡದ ಗಂಟಿನಲ್ಲಿರುವುದರಿಂದ ಮಣ್ಣಿನ ಮಟ್ಟಕ್ಕಿಂತ ಮೂರು ನಾಲ್ಕು ಸೆಂಟಿಮೀಟರ್ ಕೆಳಗೆ ತಾಯಿಬೇರನ್ನು ಗುದ್ದಲಿಯಿಂದ ಕತ್ತರಿಸಿ, ಇಡೀ ಗಿಡವನ್ನೆತ್ತಿ ಬುಡ ಮೇಲಾಗಿ ಇಡುವುದು. ಬುಡ ಒಣಗಿದರೆ ಗಿಡ ಮತ್ತೆ ಬದುಕುವುದಿಲ್ಲ. ಮಣ್ಣೂ ಹೆಚ್ಚು ಕದಡುವುದಿಲ್ಲ.

ಕಡಿಯುವುದಕ್ಕಿಂತ ಇದಕ್ಕೆ ಮೊದಲ ವರ್ಷ ಹೆಚ್ಚು ಆಳು ಬೇಕು. ಆಮೇಲೆ ಎರಡು ಮೂರು ವರ್ಷ ಮಳೆಗಾಲದಲ್ಲಿ ಒಂದು ಸುತ್ತು ಬಂದು ಎಳೆ ಸಸಿಗಳನ್ನು ಕೀಳಬೇಕು. ಅದರಲ್ಲೂ ಪಿಕಳಾರದಂಥ ಹಕ್ಕಿಗಳು ಕೂತು ಬೀಜ ಉದುರಿಸುವ ಮರಗಳ ಕೆಳಗೆ. ಪ್ರತಿವರ್ಷ ಕಡಿಸುವ ಖರ್ಚು ಕೂಡಿಸಿ ನೋಡಿದರೆ ಬೇರಿನ ಕೆಲಸವೇ ಅಗ್ಗ ಎಂಬುದು ನನ್ನ ಲೆಕ್ಕ. ಸರಿಯಾದ ಕಾಲ ಮಳೆಗಾಲ: ಮಣ್ಣು ಮೆತ್ತಗಿರುತ್ತದೆ, ಎತ್ತಿಟ್ಟ ಗಿಡ ಬೇಸಿಗೆಯೊಳಗೆ ಅಷ್ಟಿಷ್ಟು ಕೊಳೆಯುತ್ತದೆ. ಕೊಳೆಯದ ದಪ್ಪ ಕಡ್ಡಿಯನ್ನು ರಸ್ತೆಯಂಚಿನಿಂದ ಸಾಗಿಸಲೇಬೇಕು. ಮಲೆಮಹದೇಶ್ವರ ಬೆಟ್ಟದಲ್ಲಿ ಸೋಲಿಗ ಕುಶಲಿಗಳು ಲಂಟಾನದ ಕಡ್ಡಿ ಬೇಯಿಸಿ, ಸಿಪ್ಪೆ ಸುಲಿದು, ಬೆತ್ತದ ಹಾಗೆ ಬಗ್ಗಿಸಿ ಕುರ್ಚಿ, ಬುಟ್ಟಿ ಮಾಡುತ್ತಾರೆ. ಅದೆಲ್ಲ ಆಗದ ಕಡೆ ಬೇಲಿಗೋ, ಒಲೆಗೋ ಒಯ್ಯುವವರು ಊರಲ್ಲಿ ಸಿಕ್ಕೇ ಸಿಗುತ್ತಾರೆ.

ಜೆಸಿಬಿ

ಜೆಸಿಬಿ ಬಗ್ಗೆ ನನಗಿರುವುದು ವಿರೋಧವೇ, ಮುಚ್ಚುಮರೆಯಿಲ್ಲ. ಕೆಂಪು ಮಣ್ಣು ಕಾಣುವಂತೆ ಹೆರೆದ ರಸ್ತೆ ಬದಿ ಆ ಬೇಸಿಗೆಗೆ ಬೆಂಕಿ ತಡೆಯುವುದು ನಿಜ. ಆದರೆ ಮಲೆನಾಡಿನ ಮಳೆ ಜೂನ್‌ನಲ್ಲಿ ಬರುತ್ತದೆ, ಹಿಡಿದಿಡುವ ಬೇರಿಲ್ಲದ ದರೆ ರಸ್ತೆಗೆ ಇಳಿಯುತ್ತದೆ, ಚರಂಡಿ ಮುಚ್ಚುತ್ತದೆ, ನೀರು ಡಾಂಬರಿನ ಮೇಲೆ ಹರಿಯುತ್ತದೆ. ಬತ್ತಲಾದ ಮಣ್ಣಿಗೆ ಮೊದಲು ಬರುವುದೂ ಲಂಟಾನ, ಕಮ್ಯುನಿಸ್ಟ್ ಗಿಡಗಳೇ. ಬಕೆಟ್ಟು ತಳ್ಳಿದ ಪೊದೆ, ಮಣ್ಣು, ಬೇರು ಕೂಡಿ ಕಾಡಿನ ಅಂಚಿನಲ್ಲಿ ಸಾಲು ರಾಶಿಯಾಗುತ್ತದೆ. ಅದು ಹತ್ತಿಕೊಂಡರೆ ಮಣ್ಣಿನೊಳಗೆ ದಿನಗಟ್ಟಲೆ ಹೊಗೆಯಾಡುತ್ತದೆ, ಆರಿತೆಂದುಕೊಂಡು ಹೊರಟ ಮೇಲೆ ಮತ್ತೆ ಏಳುತ್ತದೆ. ಸಮತಟ್ಟಾದ ಬಯಲುಸೀಮೆಯ ರಸ್ತೆಯಲ್ಲಿ, ಹಳೆಯ ರಾಶಿಗಳನ್ನು ಎತ್ತಿ ಟ್ರ್ಯಾಕ್ಟರಿಗೆ ಹೇರಲು ಜೆಸಿಬಿ ಬಳಸಿ, ಅದು ಒಳ್ಳೆಯ ಕೆಲಸ. ನೆಲ ಹೆರೆಯಲು ಬೇಡ.

ಬೆಂಕಿಯಿಂದಲೇ ಬೆಂಕಿಗೆ ತಡೆ

ಇದನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಲು ನನ್ನಿಂದಾಗದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 'ತರಗು ಬೆಂಕಿ' ಅನ್ನುತ್ತಿದ್ದರು. ಬೇಸಿಗೆ ಬಲಿಯುವ ಮೊದಲೇ, ಚಳಿಯಿರುವಾಗ, ತರಗೆಲೆಗೆ ಹಾಕುವ ತೆಳು ಬೆಂಕಿ. ನೆಲದ ಎಲೆ ಮಾತ್ರ ಸುಟ್ಟು ಮರಕ್ಕೆ ತಾಗದೆ ಹೋಗುತ್ತಿತ್ತು. 1972ರ ವನ್ಯಜೀವಿ ಕಾಯ್ದೆಯ ನಂತರ, 1974ರಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು. ತರಗು ಬೆಂಕಿ ನಿಂತದ್ದರಿಂದಲೇ ಲಂಟಾನ ಹೀಗೆ ಬೆಳೆಯಿತು ಎನ್ನುತ್ತಾರೆ ಸೋಲಿಗ ಹಿರಿಯರು. ಅಲ್ಲಿ ಕೆಲಸ ಮಾಡಿದ ಪರಿಸರ ವಿಜ್ಞಾನಿಗಳು ಆ ಮಾತನ್ನು ಗಂಭೀರವಾಗಿಯೇ ತೆಗೆದುಕೊಂಡಿದ್ದಾರೆ.

ಹಾಗೆಂದು ನೀವು ನಾವು ಕಡ್ಡಿ ಗೀರುವಂತಿಲ್ಲ. ತರಗು ಬೆಂಕಿ ಹಾಕುತ್ತಿದ್ದ ಕಾಡಿನಲ್ಲಿ ಈಗಿನಂತೆ ಲಂಟಾನದ ಏಣಿ ಇರಲಿಲ್ಲ. ಅಭಯಾರಣ್ಯದಲ್ಲಿ ಬೆಂಕಿ ಹಾಕುವುದು ವನ್ಯಜೀವಿ ಕಾಯ್ದೆಯಡಿ ಅಪರಾಧ, ಮೀಸಲು ಅರಣ್ಯದಲ್ಲಿ 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಇಲಾಖೆಯವರು ಜನವರಿಯೊಳಗೆ ಬೆಂಕಿ ರೇಖೆ ಸುಡುವಾಗ ಕಾವಲಿಗೆ ಜನ, ನೀರು, ಗಾಳಿಯ ಲೆಕ್ಕ ಎಲ್ಲ ಇಟ್ಟುಕೊಂಡಿರುತ್ತಾರೆ. ಊರವರು ಮಾಡಬಹುದಾದದ್ದು, ನಮ್ಮ ರಸ್ತೆಯನ್ನೂ ಆ ಕೆಲಸದ ಯಾದಿಗೆ ಸೇರಿಸಿ ಎಂದು ವಲಯ ಅರಣ್ಯಾಧಿಕಾರಿಗೆ ಅಕ್ಟೋಬರ್‌ನಲ್ಲೇ ಅರ್ಜಿ ಕೊಡುವುದು.

ಕಳೆನಾಶಕದ ಬಗ್ಗೆ ಹೆಚ್ಚು ಮಾತು ಬೇಡ. ಅದು ಗಿಡವನ್ನು ಕೊಂದು ನಿಂತಲ್ಲೇ ಒಣಗಿಸುತ್ತದೆ, ಅಂದರೆ ಉರುವಲು ತಯಾರಿಸುತ್ತದೆ. ರಸ್ತೆ ಚರಂಡಿಯ ನೀರು ಯಾರದೋ ಕೆರೆಗೆ ಹೋಗುತ್ತದೆ. ಗ್ಲೈಫೊಸೇಟನ್ನು ಕೀಟ ನಿಯಂತ್ರಣದ ಪರವಾನಗಿಯವರು ಮಾತ್ರ ಬಳಸಬೇಕೆಂದು ಕೇಂದ್ರ ಸರಕಾರ 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿದ್ದೂ ನೆನಪಿರಲಿ. ದನ ಮೇಯಿಸುವುದು ಹುಲ್ಲಿಗೆ ಆದೀತು. ಲಂಟಾನ ದನಕ್ಕೆ ವಿಷ, ಮತ್ತು ವಾಹನ ಓಡಾಡುವ ರಸ್ತೆಗೆ ದನ ಬಿಡುವುದು ಎರಡೂ ಕಡೆಯ ಜೀವಕ್ಕೆ ಅಪಾಯ.

ಎಷ್ಟು ಅಗಲ, ಏನನ್ನು ಬಿಡಬೇಕು

ನಾನು ಎರಡು ಪಟ್ಟಿಯ ಲೆಕ್ಕ ಇಟ್ಟುಕೊಂಡಿದ್ದೇನೆ. ಡಾಂಬರಿನ ಅಂಚಿನಿಂದ ಮೂರರಿಂದ ಐದು ಮೀಟರ್ ಖಾಲಿ ಪಟ್ಟಿ: ಹುಲ್ಲು ಗೇಣಿಗಿಂತ ಗಿಡ್ಡ, ತರಗೆಲೆ ಇಲ್ಲ, ಒಣ ಕಡ್ಡಿ ಇಲ್ಲ, ಮರಗಳು ಮಾತ್ರ ಇದ್ದಲ್ಲೇ ಇರಲಿ. ಅದರಾಚೆ ಹತ್ತು ಮೀಟರಿನಷ್ಟು ತೆಳು ಪಟ್ಟಿ: ಪೊದೆಗಳ ನಡುವೆ ಬೆಂಕಿ ದಾಟಲಾರದಷ್ಟು ಅಂತರ, ಮರಕ್ಕೆ ಹಬ್ಬಿದ ಬಳ್ಳಿ ಕತ್ತರಿಸುವುದು, ಆಳೆತ್ತರದ ತನಕದ ಒಣ ಕೊಂಬೆ ಸವರುವುದು. ಚಿಕ್ಕ ಮರವಾದರೆ ಅದರ ಎತ್ತರದ ಮೂರನೇ ಒಂದು ಪಾಲಿಗಿಂತ ಮೇಲೆ ಸವರಬೇಡಿ, ಮರ ಸೊರಗುತ್ತದೆ. ಹಣ ಕಡಿಮೆಯಿದ್ದು ಎರಡೂ ಬದಿ ಆಗದಿದ್ದರೆ ಗುಡ್ಡ ಏರುವ ಬದಿಯನ್ನು ಮೊದಲು ಮಾಡಿ, ರಸ್ತೆಯಲ್ಲಿ ಹುಟ್ಟಿದ ಬೆಂಕಿ ಓಡುವುದು ಮೇಲಕ್ಕೆ. ಇಡೀ ರಸ್ತೆಯೂ ಆಗದಿದ್ದರೆ ವಾಹನ ನಿಲ್ಲಿಸುವ ತಿರುವು, ಬಸ್ ಸ್ಟಾಪು, ನೀರಿನ ತೊರೆಯ ಪಕ್ಕ, ವ್ಯೂ ಪಾಯಿಂಟ್, ಟ್ರಾನ್ಸ್‌ಫಾರ್ಮರಿನ ಬುಡ. ಕಿಡಿ ಬೀಳುವ ಜಾಗಗಳು ಇವೇ.

ಬೆಂಕಿಯ ಲೆಕ್ಕ ಒಂದೇ ಅಲ್ಲ ಎಂಬುದನ್ನು ಬಂಡೀಪುರದ ರಸ್ತೆ ತೋರಿಸುತ್ತದೆ. ಅಲ್ಲಿ ಪೊದೆ ಸವರಿದರೆ ಚಾಲಕರಿಗೆ ಆನೆ, ಕಾಟಿ ದೂರದಿಂದಲೇ ಕಾಣುತ್ತವೆ. ಆದರೆ ಸವರಿದ ಪಟ್ಟಿಯಲ್ಲಿ ಚಿಗುರುವ ಎಳೆ ಹುಲ್ಲಿಗೆ ಜಿಂಕೆಗಳು ರಸ್ತೆಯಂಚಿಗೇ ಬರುತ್ತವೆ. 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿರುವುದರಿಂದ ಜೀವಗಳು ಉಳಿಯುತ್ತಿವೆ. ನಿರ್ಬಂಧವಿಲ್ಲದ ಕಾಡಿನ ರಸ್ತೆಯಲ್ಲಿ ಪಟ್ಟಿ ಅಗಲ ಮಾಡುವಾಗ ವೇಗ ತಡೆಯುವ ಉಬ್ಬುಗಳನ್ನೂ ಕೇಳಿ ಪಡೆಯಿರಿ.

ಒಪ್ಪಿಗೆಯ ವಿಷಯ. ರಸ್ತೆಯಂಚು ಲೋಕೋಪಯೋಗಿ ಇಲಾಖೆಯದೋ, ಪಂಚಾಯಿತಿಯದೋ, ಅರಣ್ಯದ್ದೋ ಮೊದಲು ಕೇಳಿ ತಿಳಿಯಿರಿ. ಮರ ಕಡಿಯುವುದಾದರೆ 1976ರ ಮರ ಸಂರಕ್ಷಣಾ ಕಾಯ್ದೆಯಂತೆ ವೃಕ್ಷ ಅಧಿಕಾರಿಯ ಅನುಮತಿ ಬೇಕು. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಂದ ಒಣ ಮರ, ಬಿದ್ದ ಮರ, ಹುಲ್ಲು ಕೂಡ ಹೊರಸಾಗಿಸದಂತೆ ಸುಪ್ರೀಂ ಕೋರ್ಟ್ 2000ದ ಫೆಬ್ರವರಿಯಲ್ಲಿ ಆದೇಶಿಸಿದೆ. ಹಾಗಾಗಿ ಅಲ್ಲಿಯ ಕೆಲಸವನ್ನು ಇಲಾಖೆಯ ಕೈಗೇ ಬಿಡಿ, ಜೊತೆಗೆ ಆಳಾಗಿ ನಿಲ್ಲಿ.

ಹಾಗಾದರೆ ಯಾವುದು?

ಲಂಟಾನದ ರಸ್ತೆಗೆ ನನ್ನ ಆಯ್ಕೆ ಬೇರು ಕತ್ತರಿಸುವ ವಿಧಾನ. ಒಂದೇ ವರ್ಷ ಹತ್ತು ಕಿಲೋಮೀಟರ್ ಮಾಡಲು ಹೋಗದೆ, ಎರಡು ಕಿಲೋಮೀಟರ್ ಪೂರ್ತಿ ಮಾಡಿ ಮುಂದಿನ ವರ್ಷ ಅಲ್ಲಿಗೇ ಮರಳುವುದು. ಉಳಿದ ಎಂಟರಲ್ಲಿ ಕಿಡಿ ಬೀಳುವ ಜಾಗಗಳಿಗೆ ಕತ್ತಿ. ಅಕೇಶಿಯಾ ರಸ್ತೆಗೆ ದರಕು ಗುಡಿಸುವುದು, ದೊಡ್ಡ ಉದ್ದವಿದ್ದರೆ ಬ್ಲೋವರಿನ ಹಿಂದೆ ಹೆಡಿಗೆ. ಜೊತೆಗೆ ಇಲಾಖೆ ಅಕೇಶಿಯಾ ಕಟಾವು ಮಾಡುವ ವರ್ಷ ರಸ್ತೆಯಂಚಿಗೆ ನೇರಳೆ, ಹೊಂಗೆ, ಮಾವಿನ ಸಸಿ ಇಡಿಸಲು ಕೇಳಬೇಕು. ಹುಲ್ಲುಗಾವಲ ರಸ್ತೆಗೆ ಬ್ರಷ್ ಕಟರ್, ಅಂಚಿನ ಖಾಲಿ ಪಟ್ಟಿ ಮಾತ್ರ, ಒಳಗೆ ಕೈ ಹಾಕಬೇಡಿ. ಘಟ್ಟದ ದರೆಗೆ ಕುಡುಗೋಲು, ಬೇರು ಕೀಳದೆ. ಗುತ್ತಿಗೆ ಕೊಡುವುದಾದರೆ ಕರಾರಿನಲ್ಲಿ ಕಡಿಯುವ ಕೆಲಸಕ್ಕೆ ಅರ್ಧ ಹಣ, ಸಾಗಿಸಿ ಚರಂಡಿ ಖಾಲಿ ಕಂಡ ಮೇಲೆ ಉಳಿದರ್ಧ ಎಂದು ಬರೆಸಿ. ನಮ್ಮೂರಲ್ಲಿ ಆ ಬೆಂಕಿಯ ನಂತರ ಮಾಡಿದ ಮೊದಲ ಬದಲಾವಣೆ ಇದೇ.

ಡಿಸೆಂಬರ್‌ನಲ್ಲಿ ಮುಗಿಸಿದ ಕೆಲಸಕ್ಕೆ ಫೆಬ್ರವರಿ ಮೊದಲ ವಾರ ಇನ್ನೊಂದು ಸುತ್ತು ಬೇಕು. ತೇಗ, ಮತ್ತಿ, ದಿಂಡಿಲು ಎಲೆ ಉದುರಿಸುವುದು ಆಮೇಲೆಯೇ, ಶುಚಿ ಮಾಡಿದ ಪಟ್ಟಿಯ ಮೇಲೇ. ಆ ದಿನ ಇಬ್ಬರು ಕಸಬರಿಗೆ ಹಿಡಿದು ತಿರುವುಗಳನ್ನು ಮಾತ್ರ ಗುಡಿಸಿದರೂ ಆಯಿತು. ಹೋಗುವಾಗ ಅರಣ್ಯ ಇಲಾಖೆಯ ಸಹಾಯವಾಣಿ 1926 ಅನ್ನು ದೊಡ್ಡದಾಗಿ ಬರೆದ ಹಲಗೆಯೊಂದನ್ನು ಬಸ್ ಸ್ಟಾಪಿನ ಕಂಬಕ್ಕೆ ಕಟ್ಟಿ ಬನ್ನಿ.